ಕೇಕು ಕುಳ್ಳಾದ ವರ್ಷ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಪಾದ್ರಿಗೆ, ಎರಡನೆಯದು ನನ್ನ ನಾದಿನಿ ಆರ್ಡಿಸ್‌ಗೆ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ ಇರುತ್ತದೆ, ಊಟದ ಕೊನೆಗೆ ಕೇಕು ಇರಲೇಬೇಕು, ಕೇಕು ಅಂದರೆ ಆರ್ಡಿಸ್. ಮದುವೆ, ಮಗುವಿಗೆ ಹೆಸರಿಡುವುದು, ಹೈಸ್ಕೂಲು ಮುಗಿಸಿದ ಹುಡುಗರ ಪಾರ್ಟಿ, ಎಲ್ಲದಕ್ಕೂ ಅವಳೇ. ಉಳಿದ ಹೆಂಗಸರೂ ತರುತ್ತಾರೆ, ನಾನೂ ತರುತ್ತೇನೆ. ಆದರೆ ಮೇಜಿನ ನಡುವೆ ಕೂರುವುದು ಆರ್ಡಿಸ್‌ಳ ಮೂರಂತಸ್ತಿನ ಕೇಕು. ನನ್ನದು ಮೂಲೆಯಲ್ಲಿ, ಉಪ್ಪಿನಕಾಯಿ ತಟ್ಟೆಯ ಪಕ್ಕ.

ಕೇಕು ಡಬ್ಬಿಯದು. ಅಂಗಡಿಯಲ್ಲಿ ಸಿಗುವ ರಟ್ಟಿನ ಡಬ್ಬಿ, ಒಳಗೆ ಚೀಲದಲ್ಲಿ ಹಿಟ್ಟು. ಮೊಟ್ಟೆ, ಎಣ್ಣೆ, ನೀರು ಸೇರಿಸಿ ಓವನ್ನಿಗಿಟ್ಟರೆ ಆಯಿತು. ನಮ್ಮೂರಿನ ಹೆಂಗಸರೆಲ್ಲ ಮಾಡುವುದು ಅದನ್ನೇ. ಅದು ಗುಟ್ಟೂ ಅಲ್ಲ, ಆದರೆ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಮಿನ್ನೆಸೋಟಾದ ಈ ಬೀಟ್‌ಗೆಡ್ಡೆ ಬಯಲಿನಲ್ಲಿ ನಾರ್ವೆಯವರ ಮೊಮ್ಮಕ್ಕಳೇ ತುಂಬಿದ್ದಾರೆ, ಇವರು ಯಾವುದನ್ನೂ ಬಾಯಿಬಿಟ್ಟು ಹೇಳುವ ಪೈಕಿಯಲ್ಲ. ಅದರಲ್ಲೂ ಇನ್ನೊಬ್ಬರ ಅಡುಗೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹಿಡಿ ಉಪ್ಪು ಬಿದ್ದಿದ್ದರೂ 'ಬೇರೆ ಥರ ಇದೆ' ಅನ್ನುತ್ತಾರೆ ಅಷ್ಟೇ. ಅದಕ್ಕಿಂತ ದೊಡ್ಡ ಬೈಗುಳ ಇಲ್ಲಿಲ್ಲ. ನನ್ನ ಅಪ್ಪ ಪೋಲಿಷ್. ನಾನು ಈ ಮನೆಗೆ ಸೊಸೆಯಾಗಿ ಬಂದವಳು, ನನ್ನ ನಾಲಿಗೆ ಸ್ವಲ್ಪ ಉದ್ದ.

ಇನ್ನೊಂದು ಪದ್ಧತಿ ಹೇಳಬೇಕು. ಚರ್ಚಿನ ಅಡುಗೆಮನೆಗೆ ತಂದ ಪಾತ್ರೆ, ತಟ್ಟೆ, ಸಾಮಾನು, ಎಲ್ಲದರ ಮೇಲೂ ಅಂಟುಪಟ್ಟಿ ಹಚ್ಚಿ ಹೆಸರು ಬರೆಯುತ್ತೇವೆ. ಹೆಸರಿರುವ ವಸ್ತುವನ್ನು ಇನ್ನೊಬ್ಬರು ಬಳಸುವುದಿಲ್ಲ, ಎಸೆಯುವುದೂ ಇಲ್ಲ. ಹೆಸರಿನವರು ಸತ್ತು ಎಷ್ಟೋ ವರ್ಷವಾದರೂ ಅವರ ಜರಡಿ ಅಲ್ಲೇ ನೇತಾಡುತ್ತಿರುತ್ತದೆ.

ಆರ್ಡಿಸ್‌ಗಿಂತ ಮೊದಲು ಊರಿನ ಕೇಕಿನವಳು ಅವಳ ಅಮ್ಮ, ನನ್ನ ಅತ್ತೆ ಸೆಲ್ಮಾ. ಅತ್ತೆ ಎಂಥ ಗಟ್ಟಿಗಿತ್ತಿ ಅಂದರೆ, ಅಂಗಡಿಯಲ್ಲಿ ಪ್ರತಿ ಡಬ್ಬಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಸರಿ ಅನಿಸಿದರೆ ಮಾತ್ರ ಬುಟ್ಟಿಗೆ ಹಾಕುತ್ತಿದ್ದಳು. ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಅವಳ ಕೇಕು ಮಾತ್ರ ಟೊಪ್ಪಿಗೆಯ ಹಾಗೆ ಎತ್ತರ.

ಎಂಬತ್ತು ದಾಟಿದ ಮೇಲೆ ಒಂದು ಬೇಸಿಗೆ ಆ ಕೇಕು ತಗ್ಗತೊಡಗಿತು. ಅತ್ತೆ ಒಪ್ಪಲಿಲ್ಲ. 'ಡಬ್ಬೀಲಿ ಹಿಟ್ಟು ಕಡಿಮೆ ಇದೆ' ಅಂದಳು. ನಾವು ನಕ್ಕೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೇ ನನ್ನ ಗಂಡ ಡುವೇನ್‌ನ ಕಿವಿಯಲ್ಲಿ ಹೇಳಿದ್ದು ನೆನಪಿದೆ. ಆಮೇಲೆ ಅವಳು 'ಯಾರೋ ತೆಗೀತಿದ್ದಾರೆ' ಅನ್ನತೊಡಗಿದಳು. ಆಮೇಲೆ ಒಂದು ಶನಿವಾರ, ಊರೆಲ್ಲ ಸೇರಿದ್ದ ಹೊತ್ತಿನಲ್ಲಿ, ಅಂಗಡಿಯ ಪಾಲ್ಮರ್‌ನ ಎದುರು ನಿಂತು, 'ನೀನೇ ಕಣೋ ಡಬ್ಬಿ ಬಿಚ್ಚಿ ಒಂದೊಂದು ಹಿಡಿ ತೆಗ್ದು ಮತ್ತೆ ಅಂಟಿಸ್ತಿರೋದು' ಅಂದುಬಿಟ್ಟಳು. ಪಾಲ್ಮರ್ ಕಿವಿಯವರೆಗೆ ಕೆಂಪಾಗಿ, 'ಇರಬಹುದಮ್ಮ, ನೋಡ್ತೀನಿ' ಅಂದ. ಅಂಥ ಸಾಧು ಮನುಷ್ಯನನ್ನು ಕಳ್ಳ ಅನ್ನುವುದೆಂದರೆ ನಮ್ಮೂರಿನಲ್ಲಿ ಹುಚ್ಚು ಹಿಡಿದಿದೆ ಎಂದೇ ಅರ್ಥ. ಅವಳು ಅದಕ್ಕೂ ಮೊದಲು ಕಾರಿನ ಕೀಲಿಯನ್ನು ಫ್ರಿಜ್ಜಿನಲ್ಲಿಟ್ಟು ಮರೆತಿದ್ದಳು, ಒಲೆ ಆರಿಸದೆ ಹೊರಗೆ ಹೋಗಿದ್ದಳು. ಎಲ್ಲ ಸೇರಿಸಿ ಲೆಕ್ಕ ಹಾಕಿದೆವು. ಆರ್ಡಿಸ್ ಪಾಲ್ಮರ್‌ನ ಮನೆಗೆ ಹೋಗಿ ಅಮ್ಮನ ಪರವಾಗಿ ಕ್ಷಮೆ ಕೇಳಿ ಬಂದಳು. ಆ ವರ್ಷ ಹಿಮ ಬೀಳುವ ಮೊದಲೇ ಅತ್ತೆಯನ್ನು ಊರಾಚೆಯ ಆರೈಕೆಮನೆಗೆ ಸೇರಿಸಿದಳು. ಅತ್ತೆ ಅಲ್ಲಿಯೂ ಸ್ವಲ್ಪ ದಿನ ಡಬ್ಬಿಯ ಮಾತಾಡಿದಳು, ಆಮೇಲೆ ಬಿಟ್ಟಳು, ಆಮೇಲೆ ನಮ್ಮನ್ನೇ ಒಬ್ಬೊಬ್ಬರಾಗಿ ಮರೆತಳು.

'ಅಮ್ಮನಿಗೆ ಕೇಕಿನಿಂದಲೇ ಶುರುವಾಗಿದ್ದು' ಎಂಬುದು ಅಂದಿನಿಂದ ನಮ್ಮ ಮನೆಯ ಮಾತಾಯಿತು.

ಆರ್ಡಿಸ್ ಆವರೆಗೆ ಶಾಲೆಯ ಅಡುಗೆಮನೆಯಲ್ಲಿದ್ದವಳು, ಮೂಟೆ ಹಿಟ್ಟಿನಲ್ಲಿ ಅಡುಗೆ ಮಾಡಿದವಳು. ಅಮ್ಮ ಹೋದ ಮೇಲೆ ಡಬ್ಬಿ ಹಿಡಿದಳು. ಅಮ್ಮನ ಎತ್ತರ ಅವಳಿಗೆ ಬರಲಿಲ್ಲ, ಸೆಲ್ಮಾಳ ಕೈಗುಣವೇ ಬೇರೆ ಎಂದು ಎಲ್ಲರೂ ಮನಸ್ಸಿನಲ್ಲೇ ಅಂದುಕೊಂಡರು. ಅವಳು ಒಂದು ಮೊಟ್ಟೆ ಹೆಚ್ಚು ಹಾಕಿ, ನೀರಿನ ಬದಲು ಕಾಫಿ ಹಾಕಿ, ಒಂದು ಚಮಚ ಹುಳಿಕೆನೆ ಸೇರಿಸಿ ತನ್ನದೇ ಒಂದು ದಾರಿ ಮಾಡಿಕೊಂಡಳು. ಬರೆದಿಟ್ಟದ್ದಲ್ಲ, ಕೈಗೇ ಅಂಟಿದ್ದು. ಬೆಂದ ಕೇಕಿನ ಉಬ್ಬಿದ ನೆತ್ತಿಯನ್ನು ದಾರದಿಂದ ಸಮನಾಗಿ ಕತ್ತರಿಸುವಾಗ ಅವಳ ಗಂಡ ಮರ್ಲಿನ್ ಕಾಫಿ ಲೋಟ ಹಿಡಿದು ಕಾಯುತ್ತಿದ್ದ. ಕತ್ತರಿಸಿದ ನೆತ್ತಿ ಅವನ ಪಾಲು. ಅವನಿಗೆ ಕಿವಿ ಮಂದ, ಆದರೆ ಆ ದಾರದ ಸದ್ದು ಹೇಗೋ ಕೇಳಿಸುತ್ತಿತ್ತು.

ಹೋದ ವಸಂತದಲ್ಲಿ ಒಂದು ದಿನ ಅವಳು ದಾರ ಹಿಡಿದಾಗ ಕತ್ತರಿಸಲು ನೆತ್ತಿಯೇ ಇರಲಿಲ್ಲ. ಕೇಕು ತಟ್ಟೆಯ ಅಂಚಿಗಿಂತ ಕೆಳಗೇ ನಿಂತಿತ್ತು, ನಡುವೆ ಸಣ್ಣ ಗುಂಡಿ.

'ಇವತ್ತು ಚೂರು ಇಲ್ವಾ?' ಅಂದ ಮರ್ಲಿನ್.

'ಇಲ್ಲ' ಅಂದಳು. ಅಷ್ಟೇ ಮಾತು. ದಾರ ಸುತ್ತಿ ಒಳಗಿಟ್ಟೆ ಎಂದು ಆಮೇಲೆ ನನಗೆ ಹೇಳಿದಳು.

ಮೊದಲು ಓವನ್ನಿನ ಮೇಲೆ ಅನುಮಾನ. ರಿಪೇರಿಯವನು ಬಂದು ಚೆನ್ನಾಗಿದೆ ಅಂದ. ಮೊಟ್ಟೆಯ ಮೇಲೆ ಅನುಮಾನ, ಬೇರೆ ಕಡೆಯಿಂದ ತಂದಳು. ಕೇಕು ಬೇಯಿಸುವ ತಟ್ಟೆ ಬದಲಿಸಿದಳು. ಮರ್ಲಿನ್ ಬಾಗಿಲು ದಢಾರನೆ ಹಾಕುವುದರಿಂದ ಕೇಕು ಕೂರುತ್ತಿದೆ ಎಂದು ಅವನನ್ನು ಶೆಡ್ಡಿಗೆ ಅಟ್ಟಿದಳು. ಪಾಪ, ಆ ಮನುಷ್ಯ ಕೇಕು ಬೇಯುವಷ್ಟು ಹೊತ್ತು ಟ್ರ್ಯಾಕ್ಟರಿನ ಮೇಲೆ ಕೂತಿರುತ್ತಿದ್ದ. ಏನು ಮಾಡಿದರೂ ಕೇಕು ತಗ್ಗೇ. ಇನ್ನು ಉಳಿದಿದ್ದು ಅವಳೊಬ್ಬಳೇ.

ಜೂನ್‌ನಲ್ಲಿ ನಾನು ಅವಳ ಅಡುಗೆಮನೆಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಒಡೆದ ಮೊಟ್ಟೆಯ ಚಿಪ್ಪುಗಳು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಎಣ್ಣೆ ಅಳೆದ ಲೋಟ, ಕಾಫಿ ಅಳೆದ ಲೋಟ, ತೊಳೆಯದೆ.

'ಇದೇನೇ ಆರ್ಡಿಸ್, ಕೋಳಿಗೂಡು ಮಾಡ್ಕೊಂಡಿದೀಯ?' ಅಂದೆ.

'ಎಷ್ಟು ಹಾಕಿದೆ ಅಂತ ಆಮೇಲೆ ನೋಡ್ಕೊಳ್ಳೋಕೆ.'

'ಹಾಕೋವಾಗ ಗೊತ್ತಾಗಲ್ವಾ?'

'ಹಾಕೋವಾಗ ಗೊತ್ತಿರತ್ತೆ. ಕೇಕು ಹೊರಗೆ ಬಂದ್ಮೇಲೆ ಗೊತ್ತಿರಲ್ಲ.' ಕುರ್ಚಿ ಎಳೆದು ಕೂತಳು. 'ಚಿಪ್ಪು ಸರಿಯಾಗೇ ಇದೆ ಲವೋನ್. ಲೋಟಾನೂ ಸರಿ. ಆದ್ರೂ ಕೇಕು ಏಳಲ್ಲ. ಹಾಗಾದ್ರೆ ನಾನು ನೋಡ್ತಿರೋದೇ ಸರಿಯಿಲ್ಲ ಅಂತ ತಾನೆ? ನಂಗೂ ಅಮ್ಮನ ಥರ ಶುರುವಾಯ್ತು.'

ನಾನು ನಕ್ಕು ಹಾರಿಸಲು ನೋಡಿದೆ, ಆಗಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತು ನನ್ನ ತಲೆಯಲ್ಲೂ ಸುಳಿದು ಹೋಗಿತ್ತು. 'ನನ್ನ ಕೇಕೂ ಏಳಲ್ಲ ಕಣೇ' ಅಂದೆ. ಅವಳು ಮೊದಲ ಸಲ ಸ್ವಲ್ಪ ನಕ್ಕಳು. 'ನಿಂದು ಯಾವತ್ತು ಎದ್ದಿತ್ತು?' ಅಂದಳು. ಅದೂ ನಿಜ. ನಾನು ಮಾಡಿದ ಕೇಕು ಹಿಂದೆಯೂ ಚಪ್ಪಟೆ, ಈಗಲೂ ಚಪ್ಪಟೆ. ನನಗೆ ಯಾವ ವ್ಯತ್ಯಾಸ ತಿಳಿಯಬೇಕು?

ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗಡಿಯಾರದ ಚಿತ್ರ ಬರೆಸಿದರು, ಮೂರು ಪದ ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಆರ್ಡಿಸ್ ಎಲ್ಲ ಹೇಳಿದಳು. ಅದರಲ್ಲೊಂದು ಪದವನ್ನು ನಾನೇ ಮರೆತಿದ್ದೆ. ನಿಮಗೇನೂ ಆಗಿಲ್ಲ ಅಂದರು. ವಾಪಸು ಬರುವಾಗ ಕಾರಿನಲ್ಲಿ ಅವಳಿಗೆ ಸಮಾಧಾನವಾಗಿರಬೇಕು ಎಂದು ನೋಡಿದರೆ ಮುಖ ಇನ್ನೂ ಬಾಡಿತ್ತು.

'ಅಮ್ಮನೂ ಡಾಕ್ಟರ ಮುಂದೆ ಚೆನ್ನಾಗೇ ಇದ್ಲು' ಅಂದಳು. 'ಇವರಿಗೆ ನಾನು ಮೋಸ ಮಾಡಿದೆ ಅನ್ಸತ್ತೆ.'

ಅವಳ ತಲೆಯಲ್ಲಿ ಎಲ್ಲ ಗಂಟುಗಂಟಾಗಿತ್ತು, ಅದನ್ನು ಬಿಡಿಸಲು ಹೋಗಿ ನನ್ನ ತಲೆಯೂ ಗಂಟಾಯಿತು. ರಾತ್ರಿ ಬಾಗಿಲ ಚಿಲಕ ಹಾಕಿ ಮಲಗಿದವಳು ಎದ್ದು ಮತ್ತೆ ನೋಡುವಳು. ಒಂದೇ ಮಾತನ್ನು ಎರಡು ಸಲ ಹೇಳಿದೆನೇ ಎಂದು ಮಾತಿನ ನಡುವೆ ಕೇಳುವಳು. ಹೀಗೆ ಕೇಳುತ್ತ ಕೇಳುತ್ತ ನಿಜಕ್ಕೂ ಎರಡೆರಡು ಸಲ ಹೇಳತೊಡಗಿದಳು. ಇದು ಕಾಯಿಲೆಯೋ, ಕಾಯಿಲೆಯ ಭಯವೋ, ಹೇಳುವವರು ಯಾರು? ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಆಗಸ್ಟಿನಲ್ಲಿ ಅವಳು ಯಾರಿಗೂ ಹೇಳದೆ ಆರೈಕೆಮನೆಗೆ ಹೋಗಿ, ಅಮ್ಮನ ಪಕ್ಕದ ಕೋಣೆ ಖಾಲಿಯಾದಾಗ ತನಗೇ ಕೊಡಬೇಕೆಂದು ಹೇಳಿ ಬಂದಳು. ಆಮೇಲೆ ನನಗೊಬ್ಬಳಿಗೆ ಹೇಳಿದಳು, ಮರ್ಲಿನ್‌ಗೆ ಅದು ತಿಳಿದದ್ದು ನನ್ನಿಂದ. ನಾನು ಎರಡು ಸಲ ಕೂಗಿ ಹೇಳಬೇಕಾಯಿತು. ಅವನು ತನ್ನ ಕಾಫಿ ಲೋಟವನ್ನೇ ನೋಡುತ್ತ, 'ಅವಳನ್ನ ಬಿಟ್ಟು ನಾನು ಇಲ್ಲೇನು ಮಾಡ್ಲಿ?' ಅಂದ.

ಸೆಪ್ಟೆಂಬರಿನಲ್ಲಿ ಅಂಗಡಿಯ ಪಾಲ್ಮರ್ ತೀರಿಕೊಂಡ. ಆರ್ಡಿಸ್ ಇದೇ ತನ್ನ ಕೊನೆಯ ಕೇಕು ಅಂದಳು. ಅವನಿಗೆ ಅಮ್ಮ ಮಾಡಿದ ಅವಮಾನಕ್ಕೆ ಇದನ್ನಾದರೂ ಚೆನ್ನಾಗಿ ಮಾಡಬೇಕೆಂದು ನಾಲ್ಕು ಅಂತಸ್ತು ಮಾಡಿದಳು. ನಾಲ್ಕು ಅಂತಸ್ತೂ ಸೇರಿ ಹಿಂದಿನ ಮೂರರಷ್ಟೇ ಆಯಿತು.

ನೆಲಮಾಳಿಗೆಯಲ್ಲಿ ಎಂದಿನಂತೆ ಬೆಣ್ಣೆ ಹಚ್ಚಿದ ಬನ್ನು, ಹಂದಿಮಾಂಸ, ಆಲೂಗಡ್ಡೆ ಮಾಂಸ ಸೇರಿಸಿ ಓವನ್ನಿನಲ್ಲಿ ಬೇಯಿಸಿದ ಹಾಟ್‌ಡಿಶ್, ದೊಡ್ಡ ಹಂಡೆಯಲ್ಲಿ ಕಾಫಿ. ಆರ್ಡಿಸ್ ಕೇಕು ಇಟ್ಟವಳೇ ಮುಖ ತೋರಿಸಲಾರದೆ ಒಳಗೆ ಪಾತ್ರೆ ತೊಳೆಯಲು ಹೋದಳು. ನಾನು ಕೇಕು ಕತ್ತರಿಸಲು ನಿಂತೆ. ಬರ್ನೀಸ್‌ಳ ಚಾಕೊಲೇಟು ಕೇಕಿಗೆ ಚಾಕು ಹಾಕಿದೆ. ಮೇಲಿನ ಕ್ರೀಮೇ ಬಂತು. ಇನ್ನೂ ಒತ್ತಿದೆ, ಇನ್ನೂ ಕ್ರೀಮೇ. ಬೆರಳುದ್ದ ಕ್ರೀಮಿನ ಕೆಳಗೆ ಕೇಕು ಚಪಾತಿಯಷ್ಟು ಇತ್ತು ಅಂದರೆ ಸ್ವಲ್ಪ ಹೆಚ್ಚು ಹೇಳಿದ ಹಾಗೆ, ಆದರೆ ಸ್ವಲ್ಪವೇ. ಗುಡ್ರುನ್‌ಳ ನಿಂಬೆ ಕೇಕು ಕತ್ತರಿಸಿದೆ, ಅದೂ ಹಾಗೇ. ಹಲ್ಡಾಳದ್ದೂ ಹಾಗೇ. ಮೇಜಿನ ಉದ್ದಕ್ಕೂ ನೋಡಿದೆ. ಎಲ್ಲ ಕೇಕುಗಳ ಮೇಲೂ ಕ್ರೀಮು ಹೋದ ವರ್ಷಕ್ಕಿಂತ ಎರಡರಷ್ಟು ಬಳಿದಿತ್ತು. ಯಾರೋ ಎಲ್ಲವುಗಳ ಮೇಲೂ ಕೂತು ಎದ್ದು ಹೋದ ಹಾಗಿತ್ತು.

ನನಗೆ ತಡೆಯಲಾಗಲಿಲ್ಲ. 'ನಿಮ್ಮ ಕೇಕೆಲ್ಲ ಯಾಕ್ರೇ ಹೀಗೆ ಕುಳ್ಳಾಗಿದಾವೆ?' ಅಂದೆ.

ಊರು ಹುಟ್ಟಿದಾಗಿನಿಂದ ಆ ನೆಲಮಾಳಿಗೆಯಲ್ಲಿ ಯಾರೂ ಆಡದ ಮಾತು. ಹೆಂಗಸರೆಲ್ಲ ತಮ್ಮ ಕಾಫಿಯೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡಿದರು. ಪಾದ್ರಿ ಎದ್ದು ಗಂಡಸರ ಕಡೆ ಹೋದರು.

'ಕ್ರೀಮು ಎಷ್ಟಿದ್ರೂ ಜಾಸ್ತಿ ಅನ್ನಂಗಿಲ್ಲ' ಅಂದಳು ಗುಡ್ರುನ್ ಮೆಲ್ಲಗೆ.

'ಕ್ರೀಮಿನ ಮಾತಲ್ಲ ತಾಯಿ. ಕೇಕಿನ ಮಾತು.'

ಬರ್ನೀಸ್ ತನ್ನ ಫೋರ್ಕು ಕೆಳಗಿಟ್ಟಳು. ಆಮೇಲೆ ಬರ್ನೀಸ್, 'ನನ್ನ ಕೈ ಗಂಟುನೋವು. ಸರಿಯಾಗಿ ಕಲಸೋಕಾಗ್ತಿಲ್ಲ, ಅದಕ್ಕೇ ಅನ್ಕೊಂಡೆ' ಅಂದಳು. ಗುಡ್ರುನ್ ತಾನು ಹೊಸ ಓವನ್ನೇ ಕೊಂಡುಬಿಟ್ಟೆ ಅಂದಳು, ಗಂಡನಿಗೆ ಕಾರಣ ಹೇಳದೆ. ಹಲ್ಡಾ ಕೊನೆಗೆ ಬಾಯಿಬಿಟ್ಟಳು. ಅವಳ ಗಂಡ ಚಳಿಗಾಲದಲ್ಲಿ ತೀರಿಕೊಂಡಿದ್ದ. 'ಅವರು ಹೋದ್ಮೇಲೆ ನನ್ನ ಕೈಯಲ್ಲಿ ಏನೂ ಏಳಲ್ಲ ಅನ್ಕೊಂಡಿದ್ದೆ' ಅಂದಳು. ಅವಳ ಕಣ್ಣು ತುಂಬಿತ್ತು. ಇಡೀ ಬೇಸಿಗೆ ಇವರೆಲ್ಲ ಒಬ್ಬರ ಪಕ್ಕ ಒಬ್ಬರು ಕೂತು ಹಾಡು ಹೇಳಿದ್ದಾರೆ, ಕಾಫಿ ಕುಡಿದಿದ್ದಾರೆ. ಒಬ್ಬಳೂ ತನ್ನ ಕೇಕು ಏಳುತ್ತಿಲ್ಲ ಎಂದು ಪಕ್ಕದವಳಿಗೆ ಹೇಳಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು.

ಎಲ್ಲರ ಕೈಯೂ ಒಂದೇ ವರ್ಷ ಕೆಡುತ್ತದೆಯೇ? ನಾನು ಅಡುಗೆಮನೆಗೆ ನುಗ್ಗಿದೆ, ಅವರೆಲ್ಲ ಹಿಂದೆ ಬಂದರು. ಕಪಾಟಿನಲ್ಲಿ ಬರ್ನೀಸ್ ಮೊನ್ನೆ ತಂದಿಟ್ಟ ಡಬ್ಬಿ ಇತ್ತು, ಗುಡ್ರುನ್ ಹೋದ ವರ್ಷ ಇಟ್ಟು ಮರೆತದ್ದೂ ಇತ್ತು. ಎರಡನ್ನೂ ಒಂದೇ ಅಳತೆಯ ಗಾಜಿನ ಬಟ್ಟಲುಗಳಿಗೆ ಸುರಿದೆ. ಡಬ್ಬಿಯ ಮೇಲಿನ ಚಿತ್ರ ಒಂದೇ, ಬಣ್ಣ ಒಂದೇ, ಹೇಳಿದ ಮೊಟ್ಟೆಯ ಲೆಕ್ಕವೂ ಒಂದೇ. ಮೊನ್ನೆಯ ಹಿಟ್ಟು ಎರಡು ಬೆರಳು ಕೆಳಗೆ ನಿಂತಿತು. ಡಬ್ಬಿಯ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ತೂಕ ಬರೆದಿತ್ತು, ಅದನ್ನು ಓದಲು ಬರ್ನೀಸ್ ಎರಡು ಕನ್ನಡಕ ಒಟ್ಟಿಗೆ ಹಾಕಿಕೊಂಡಳು. ಕಂಪನಿಯವರು ನಿಜಕ್ಕೂ ಕಡಿಮೆ ಮಾಡಿದ್ದರು, ಸದ್ದಿಲ್ಲದೆ.

ಹೆಂಗಸರು ನಗತೊಡಗಿದರು. ಹಲ್ಡಾ ಅಳುತ್ತಲೇ ನಕ್ಕಳು. ನಾನು ಆರ್ಡಿಸ್‌ಳ ಒದ್ದೆ ಕೈ ಹಿಡಿದು, 'ನೋಡೇ, ನಿಂಗೇನೂ ಆಗಿಲ್ಲ. ತಲೆ ಸರಿ ಇದೆ. ನೆಲಾನೇ ಡೊಂಕು' ಅಂದೆ.

ಆರ್ಡಿಸ್ ನಗಲಿಲ್ಲ. ಬಟ್ಟಲುಗಳನ್ನೇ ನೋಡುತ್ತಿದ್ದಳು. ಆಮೇಲೆ ಸ್ಟೂಲು ಹತ್ತಿ ಕಪಾಟಿನ ಮೇಲಿನ ಸಾಲಿನಲ್ಲಿ, ಹಳೆಯ ಕಾಫಿ ಹಂಡೆಯ ಹಿಂದೆ ಕೈ ಹಾಕಿದಳು. ಅವಳ ಕೈಯಲ್ಲಿ ಬಂದದ್ದು ಬಣ್ಣ ಮಾಸಿದ ಒಂದು ಡಬ್ಬಿ. ಅದರ ಮೇಲೆ ಹಳದಿಯಾದ ಅಂಟುಪಟ್ಟಿ, ಪಟ್ಟಿಯ ಮೇಲೆ ನನ್ನ ಅತ್ತೆಯ ಓರೆ ಅಕ್ಷರ: ಸೆಲ್ಮಾ. ಹೆಸರಿದ್ದದ್ದರಿಂದ ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಆರ್ಡಿಸ್ ಅದನ್ನು ಒಡೆದು ಮೂರನೆಯ ಬಟ್ಟಲಿಗೆ ಸುರಿದಳು. ಹಿಟ್ಟು ಗಟ್ಟಿಯಾಗಿತ್ತು, ಕಂದಿತ್ತು, ಹಳಸಲು ವಾಸನೆ. ಚಮಚದಿಂದ ಪುಡಿ ಮಾಡಿ ಸಮ ಮಾಡಿದಳು. ಅದು ಹೋದ ವರ್ಷದ ಹಿಟ್ಟಿಗಿಂತಲೂ ಎರಡು ಬೆರಳು ಮೇಲೆ ನಿಂತಿತು.

ಮೂರು ಬಟ್ಟಲು, ಮೆಟ್ಟಿಲಿನ ಹಾಗೆ.

'ಅಮ್ಮ ಹೇಳಿದ್ಲು' ಅಂದಳು ಆರ್ಡಿಸ್.

ಅತ್ತೆಯ ಕಾರಿನ ಕೀಲಿ ಫ್ರಿಜ್ಜಿನಲ್ಲಿತ್ತು ಎಂದು ನನಗೆ ಹೇಳಬೇಕೆನಿಸಿತು, ಆದರೆ ಹೋದ ತಿಂಗಳು ನಾನೂ ನನ್ನ ಕನ್ನಡಕವನ್ನು ಅಲ್ಲೇ ಇಟ್ಟಿದ್ದೆ. ಅತ್ತೆ ಪಾಲ್ಮರ್‌ನನ್ನು ಕಳ್ಳ ಅಂದದ್ದು ತಪ್ಪು, ಅವನೇನೂ ಕದ್ದಿರಲಿಲ್ಲ. ಆದರೆ ಹಿಟ್ಟು ಆಗಲೂ ಒಮ್ಮೆ ಕಡಿಮೆಯಾಗಿತ್ತು. ಅವಳಿಗೆ ಆಗಲೇ ಮರೆವು ಶುರುವಾಗಿತ್ತೋ, ಇಲ್ಲ ಆ ಮನೆಗೆ ಹೋಗಿ ಕೂತ ಮೇಲೆ ಮರೆತಳೋ? ನನಗೆ ಇವತ್ತಿಗೂ ಗೊತ್ತಿಲ್ಲ. ಡುವೇನ್‌ನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಾನೆ.

ಆರ್ಡಿಸ್ ಬರ್ನೀಸ್‌ಳಿಂದ ಇನ್ನೊಂದು ಹೊಸ ಡಬ್ಬಿ ಕೇಳಿ ತೆಗೆದುಕೊಂಡಳು. 'ಕಾರು ತೆಗಿ' ಅಂದಳು ನನಗೆ.

ಆರೈಕೆಮನೆಯ ಬಾಗಿಲಲ್ಲೇ ಅಲ್ಲಿನ ಮೇಲ್ವಿಚಾರಕಿ ಸಿಕ್ಕಳು. 'ನೀವು ಕೇಳಿದ ಕೋಣೆ ಮುಂದಿನ ತಿಂಗಳು ಸಿಗತ್ತೆ' ಅಂದಳು ನಗುನಗುತ್ತ. 'ನನಗೆ ಬೇಡ' ಅಂದಳು ಆರ್ಡಿಸ್, ನಿಲ್ಲದೆ.

ಅತ್ತೆ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದಳು. ಹಕ್ಕಿಯಷ್ಟಾಗಿದ್ದಾಳೆ ಈಗ. ಆರ್ಡಿಸ್‌ಳನ್ನು ಅವಳು ಗುರುತು ಹಿಡಿದು ಎಷ್ಟೋ ವರ್ಷವಾಯಿತು. ಯಾರೋ ಒಳ್ಳೆಯ ಹೆಂಗಸು ನೋಡಲು ಬಂದಿದ್ದಾಳೆ ಎಂಬಂತೆ ಮರ್ಯಾದೆಯಿಂದ ತಲೆಯಾಡಿಸಿದಳು. ಆರ್ಡಿಸ್ ನೆಲದ ಮೇಲೆ ಮಂಡಿಯೂರಿದಳು.

'ಅಮ್ಮ, ನೀನು ಹೇಳಿದ್ದು ನಿಜ. ಡಬ್ಬೀಲಿ ಕಡಿಮೆ ಇತ್ತು. ನಾನು ಕೇಳಲಿಲ್ಲ.'

ಅತ್ತೆ ಮುಗುಳ್ನಕ್ಕಳು. ಅರ್ಥವಾದ ನಗೆಯಲ್ಲ ಅದು, ಅತಿಥಿಗಳಿಗೆ ನಗುವ ನಗೆ. ಆರ್ಡಿಸ್ ಡಬ್ಬಿಯನ್ನು ಅವಳ ಕೈಯಲ್ಲಿಟ್ಟಳು. ಸ್ವಲ್ಪ ಹೊತ್ತು ಅದು ಸುಮ್ಮನೆ ಮಡಿಲಲ್ಲಿ ಕೂತಿತ್ತು. ಆಮೇಲೆ ಅತ್ತೆಯ ಕೈ ತಾನಾಗಿ ಎದ್ದಿತು. ಡಬ್ಬಿ ಕಿವಿಯ ಹತ್ತಿರ ಹೋಯಿತು. ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು. ಆ ಮುಖದ ಮೇಲೆ ನನ್ನ ಹಳೆಯ ಅತ್ತೆ ಬಂದು ಹೋದದ್ದನ್ನು ನಾನು ಕಂಡೆ.

ಬೆರಳು ಮಡಚಿ ಆರ್ಡಿಸ್‌ಳನ್ನು ಹತ್ತಿರ ಕರೆದಳು.

'ಕಡಿಮೆ ಇದೆ' ಅಂದಳು ಪಿಸುಮಾತಿನಲ್ಲಿ.

'ಹೌದಮ್ಮ.'

ಅತ್ತೆ ಬಾಗಿಲ ಕಡೆ ನೋಡಿ, ಇನ್ನೂ ಮೆಲ್ಲಗೆ, 'ನನ್ನ ಮಗಳಿಗೆ ಮಾತ್ರ ಹೇಳ್ಬೇಡಮ್ಮ' ಅಂದಳು. 'ಹೇಳಿದ್ರೆ ನಂಗೆ ತಲೆ ಕೆಟ್ಟಿದೆ ಅಂತಾಳೆ.'

ಆರ್ಡಿಸ್ ಅಮ್ಮನ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು ಕೆಳಗಿಟ್ಟಳು, ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

'ಹೇಳಲ್ಲ' ಅಂದಳು.